ಬಿಟ್ಟು ಓದಿದ ಲಂಕಾದಹನ

ಆಂಜನೇಯನನ್ನು ನಂಬಿದ ಎಲ್ಲರಿಗೂ ಅಮೆರಿಕದ ಲಿವೋನಿಯಾದಿಂದ ನಮಸ್ಕಾರ. ನನ್ನ ತಪ್ಪನ್ನೂ ಸ್ವಾಮಿಯ ಕೃಪೆಯನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

೧೯೭೧ರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ನನ್ನ ತಮ್ಮ ಶೀನು ಪಂಜಾಬಿನ ಗಡಿಯಲ್ಲಿದ್ದ. ಕಾಲ್ದಳದ ಲೆಫ್ಟಿನೆಂಟ್. ನಾಲ್ಕು ಜನರನ್ನು ಕರೆದುಕೊಂಡು ಕಾಲುವೆಯ ಗುಂಟ ಹೋಗಿ, ಶತ್ರುಗಳು ಎಲ್ಲೆಲ್ಲಿ ಬೀಡುಬಿಟ್ಟಿದ್ದಾರೆಂದು ನೋಡಿಕೊಂಡು ಬರುವುದು ಅವನ ಕೆಲಸ. ಬರೀ ನೋಡಿಕೊಂಡು ಬಂದು ಬೇಜಾರಾಗಿದೆ ಎಂದು ಕೊನೆಯ ಕಾಗದದಲ್ಲಿ ಬರೆದಿದ್ದ. ಆ ಸಾಲು ಓದಿ ಹೆದರಿದೆ. ದೀಪಾವಳಿಯಲ್ಲಿ ಅಜ್ಜ ಉಟ್ಟಿದ್ದ ಪಂಚೆಗೇ ಮತಾಪು ಹಿಡಿದ ಹುಡುಗ ಅವನು.

ನೀರು ದಾಟಿ ವೈರಿಯ ಠಾವು ನೋಡಿ ಬಂದವರಲ್ಲಿ ಆಂಜನೇಯನೇ ಮೊದಲಿಗ. ಅವನಿಗಲ್ಲದೆ ಇನ್ಯಾರಿಗೆ ಹೇಳಲಿ? ನೂರೆಂಟು ವಡೆಯ ಹಾರ ಹಾಕುತ್ತೇನೆಂದು ಹರಕೆ ಹೊತ್ತು ಸುಂದರಕಾಂಡದ ಪಾರಾಯಣ ಹಿಡಿದೆ. ಸಮುದ್ರ ದಾಟಿದ್ದಾಯಿತು, ಸೀತೆಯನ್ನು ಕಂಡದ್ದಾಯಿತು. ಬಾಲಕ್ಕೆ ಬೆಂಕಿ ಇಡುವ ಕಡೆ ಬಂದಾಗ ಓದು ನಿಲ್ಲಿಸಿದೆ. ಇದನ್ನು ಓದಿದರೆ ಶೀನುವಿಗೂ ಅದೇ ಬುದ್ಧಿ ಬಂದೀತು! ಅಷ್ಟೂ ಹಾಳೆಗಳನ್ನು ಒಟ್ಟಿಗೆ ಮಗುಚಿ, ಹನುಮಂತ ಕ್ಷೇಮವಾಗಿ ಹಿಂತಿರುಗಿದಲ್ಲಿಂದ ಮುಂದುವರಿಸಿ ಮಂಗಳಾರತಿ ಎತ್ತಿದೆ.

ನಮ್ಮ ಯಜಮಾನರು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರ್. ಅವರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

"ಬ್ರೇಕ್ ಬಿಟ್ಟು ಕಾರ್ ಜೋಡಿಸಿದೀಯಲ್ಲೇ" ಎಂದರು.

ಅಂದಿನಿಂದ ದಿನಾ ಪುಸ್ತಕ ತೆಗೆದು ಹಾಗೇ ಮುಚ್ಚಿಡುತ್ತಿದ್ದೆ. ಓದಿದರೆ ಭಯ, ಬಿಟ್ಟರೆ ಪಾಪ. ಯುದ್ಧ ಮುಗಿಯಿತೆಂದು ಟಿವಿಯಲ್ಲಿ ಹೇಳಿದರು. ಕಾಗದ ಮಾತ್ರ ಬರಲಿಲ್ಲ. ದಿನವೂ ಹಿಮ ತುಳಿದು ಟಪಾಲು ಡಬ್ಬಿಯವರೆಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದೆ. ನನ್ನ ಅತಿಬುದ್ಧಿಯೇ ತಮ್ಮನನ್ನು ತಿಂದಿತೆಂದು ಒಬ್ಬಳೇ ಅತ್ತೆ.

ಜನವರಿಯಲ್ಲಿ ಶೀನುವಿನ ಅಕ್ಷರವಿದ್ದ ಲಕೋಟೆ ಬಂತು. ಒಂದು ಬೆಳಗಿನ ಮಂಜಿನಲ್ಲಿ ಎದೆಮಟ್ಟದ ನೀರಿನಲ್ಲಿ ಕಾಲುವೆ ದಾಟಿದ್ದರಂತೆ. ಆಚೆ ದಡದ ಮರದ ಕೆಳಗೆ ಪೆಟ್ರೋಲ್ ಡ್ರಮ್ಮುಗಳ ರಾಶಿ, ಕಾವಲಿಗೆ ಯಾರೂ ಇಲ್ಲ. ನೋಡಿ ಬಾ ಎಂದಷ್ಟೇ ಅಪ್ಪಣೆ. ಇವನು ಕೇಳುತ್ತಾನೆಯೇ? ಕಡ್ಡಿಪೆಟ್ಟಿಗೆ ತೆಗೆದ. ಒಂಬತ್ತು ಕಡ್ಡಿ ಗೀರಿದರೂ ಒಂದೂ ಹೊತ್ತಲಿಲ್ಲ, ಎಲ್ಲಾ ನೆನೆದಿದ್ದವು. ಬೈದುಕೊಂಡು ಈ ದಡಕ್ಕೆ ಬಂದ ಮೇಲೆ ಮಂಜು ಸರಿಯಿತು. ದುರ್ಬೀನಿನಲ್ಲಿ ನೋಡಿದರೆ ಆ ರಾಶಿಯ ಹಿಂದೆಯೇ ಕಂದಕ, ಅದರಲ್ಲಿ ಎರಡು ಮೆಷಿನ್‌ಗನ್.

"ಒಂದು ಕಡ್ಡಿ ಹೊತ್ತಿದ್ರೂ ಈ ಕಾಗದ ಬರೆಯೋಕೆ ನಾನಿರ್ತಿರಲಿಲ್ಲ, ಅಕ್ಕ" ಎಂದು ಬರೆದಿದ್ದ. ಗನ್ನುಗಳ ಸುದ್ದಿ ತಂದದ್ದಕ್ಕೆ ಮೇಜರ್ ಬೆನ್ನು ತಟ್ಟಿದರಂತೆ. ಕಡ್ಡಿ ಗೀರಿದ್ದಕ್ಕೆ ಮಂಗಳಾರತಿ ಬೇರೆ ಆಯಿತಂತೆ.

ಮರುದಿನವೇ ಶಿಕಾಗೋದಿಂದ ತರಿಸಿಟ್ಟಿದ್ದ ಉದ್ದಿನ ಬೇಳೆ ನೆನೆಹಾಕಿ ಹರಕೆಯ ವಡೆಗೆ ಕೂತೆ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್‌ನ ಕೊರೆಯುವ ಚಳಿ, ಕಿಟಕಿಗಳೆಲ್ಲಾ ಮುಚ್ಚಿದ್ದವು. ಅರವತ್ತು ವಡೆಯ ಹೊತ್ತಿಗೆ ಎಣ್ಣೆಗೆ ಉರಿ ಹತ್ತಿಕೊಂಡು ಪರದೆಗೂ ತಗುಲಿತು. ಇವರು ಮುಚ್ಚಳ ಹಾಕಿ, ಪರದೆ ಕಿತ್ತು ಹಿಮಕ್ಕೆ ಎಸೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಫೋನ್ ಮಾಡಿ ಬೆಂಕಿ ಆರಿಸುವ ಗಾಡಿಯನ್ನು ಕರೆಸಿದ್ದಳು. ಬಂದ ನಾಲ್ವರಿಗೂ ವಡೆ ಕೊಟ್ಟೆ. ಮತ್ತೆ ಕೇಳಿ ತಿಂದರು.

ಯಜಮಾನರು ಮಸಿ ಹಿಡಿದ ಗೋಡೆ ನೋಡುತ್ತಾ ನಿಂತರು. "ನೀನು ಬಿಟ್ಟಿದ್ದ ಭಾಗ ಇದೇ ಅಲ್ವೇನೆ?" ಎಂದರು.

ಅಂದೇ ಸಂಜೆ ಉಳಿದ ವಡೆ ಕರಿದು, ಹಾರ ಹಾಕಿ, ಲಂಕಾದಹನವನ್ನು ಒಂದಕ್ಷರ ಬಿಡದೆ ಓದಿದೆ. ಓದುತ್ತಾ ಕಣ್ಣೀರು ಸುರಿಯಿತು. ಬೆಂಕಿ ಎಲ್ಲಾದರೂ ಹೊತ್ತಲೇಬೇಕಿತ್ತು. ಸ್ವಾಮಿ ಅದನ್ನು ಕಾಲುವೆಯ ದಡದಲ್ಲಿ ನಂದಿಸಿ ನನ್ನ ಅಡುಗೆಮನೆಗೆ ತಂದ. ಪರದೆ ಹೋಯಿತು, ತಮ್ಮ ಉಳಿದ.