ಬಚ್ಚಲಿನ ಬಲ್ಬು

ಆ ಬೆಳಿಗ್ಗೆ ಗಂಗಾನಗರದ ಹಳೇ ಮನೆಯೊಂದರ ಹಜಾರದಲ್ಲಿ ನಾವು ನಾಲ್ಕು ಜನ ಸೇರಿದ್ದೆವು. ಮನೆಯ ಯಜಮಾನಿ ಒಬ್ಬರು. ಬೀದಿಯವರೆಲ್ಲ ಅವರನ್ನು ಮೇಡಂ ಎಂದೇ ಕರೆಯುವುದು. ಅವರ ಅಕ್ಕನ ಮಗ, ಆರ್ಕಿಟೆಕ್ಟ್, ಕೈ ಕಟ್ಟಿಕೊಂಡು ನಿಂತಿದ್ದ. ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೋರ್ಡ್ ಬರೆಯುವ ಪೇಂಟರ್ ಸಾಬ್ರು ಕೂತಿದ್ದರು, ತೊಡೆಯ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಚಿತ್ರ ಇಟ್ಟುಕೊಂಡು. ನಾನು ಏಣಿಯ ಮೇಲಿದ್ದೆ.

ಆರ್.ಟಿ. ನಗರದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ. ವೈರು, ಸ್ವಿಚ್ಚು, ಫ್ಯಾನು ಮಾರಿಕೊಂಡಿದ್ದವನಿಗೆ ಈಚೆಗೆ ದೀಪದ ಹುಚ್ಚು ಹಿಡಿದಿತ್ತು. ಯಾವ ಎಲ್‌ಇಡಿ ಬಣ್ಣವನ್ನು ಇದ್ದಂತೆ ತೋರಿಸುತ್ತದೆ, ಯಾವುದು ಕದಿಯುತ್ತದೆ ಅಂತ ಓದಿ, ಕೇಳಿ, ಒಂದಷ್ಟು ಕಲಿತಿದ್ದೆ. ಮೇಡಂ ತಮ್ಮ ತಂದೆಯ ಮನೆಯ ಕೆಳಗಿನ ಭಾಗವನ್ನು ಆರ್ಟ್ ಗ್ಯಾಲರಿ ಮಾಡುತ್ತಿದ್ದಾರೆ, ದೀಪ ಆಯ್ದುಕೊಡಬೇಕಂತೆ ಎಂದು ಕರೆ ಬಂದಾಗ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಗ್ಯಾಲರಿಯ ಮೊದಲ ಪ್ರದರ್ಶನವೇ ಸಾಬ್ರದು. ಫ್ಲೆಕ್ಸ್ ಬರುವ ಮುಂಚೆ ನಮ್ಮ ಕಡೆಯ ಅರ್ಧಕ್ಕರ್ಧ ಅಂಗಡಿಗಳ ತಗಡಿನ ಬೋರ್ಡು ಅವರ ಕೈಯವು. ನನ್ನ ಅಂಗಡಿಯದೂ ಅವರೇ ಬರೆದದ್ದು. ಮನೆಯಲ್ಲಿ ಆಡುವುದು ದಖನಿ ಉರ್ದು, ಆದರೆ ಅವರ ಹಾಗೆ ಕನ್ನಡದ ಒತ್ತಕ್ಷರವನ್ನು ದುಂಡಗೆ ತಿರುಗಿಸಿದವರನ್ನು ನಾನು ನೋಡಿಲ್ಲ. ಗುಜರಿಗೆ ಹೋಗಿದ್ದ ಆ ತಗಡುಗಳನ್ನೆಲ್ಲ ಮೇಡಂ ಹುಡುಕಿಸಿ ತಂದಿದ್ದರು. ಸಾಬ್ರು ಅದಕ್ಕೆ ಏನೂ ಕೇಳಲಿಲ್ಲ. ಒಂದೇ ಒಂದು ಆಸೆ ಹೇಳಿಕೊಂಡರು: ತೀರಿಹೋದ ಹೆಂಡತಿಯ ಚಿತ್ರ ಬರೆದಿದ್ದೇನೆ, ಅದನ್ನು ಬಾಗಿಲಿಗೆ ಎದುರಿನ ಗೋಡೆಯಲ್ಲಿ ಹಾಕಬೇಕು. ಮೇಡಂ, ‘ನೋಡೋಣ, ತನ್ನಿ’ ಎಂದಿದ್ದರು. ಅದನ್ನೇ ಅವರು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದದ್ದು.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿ, ಎದುರಿನ ಗೋಡೆಯ ಮೇಲೆ ಬೀಳುವ ಹಾಗೆ ಮೂರು ದೀಪ ಸಿಕ್ಕಿಸಿದ್ದೆ. ಜೊತೆಗೆ, ಹೋಲಿಸಿ ತೋರಿಸಲು, ಒಂದು ಹೋಲ್ಡರಿನಲ್ಲಿ ನಮ್ಮ ಅಂಗಡಿಯ ಅತ್ಯಂತ ಅಗ್ಗದ ಒಂಬತ್ತು ವ್ಯಾಟಿನ ಬಲ್ಬು. ಶುರು ಮಾಡಿದ್ದೇ ಅದರಿಂದ.

“ಮೇಡಂ, ಎಲ್ಲಾರೂ ಕೈ ಚಾಚಿ. ಅಂಗೈ ನೋಡ್ಕೊಳ್ಳಿ,” ಎಂದೆ.

ಇದು ನನ್ನ ಪದ್ಧತಿ. ನಮ್ಮಜ್ಜಿ ಯಶವಂತಪುರದಲ್ಲಿ ಸೀರೆ ಕೊಳ್ಳಲು ಹೋದರೆ, ಅಂಗಡಿಯವನು ಎಷ್ಟು ಬಾಯಿ ಬಡಿದುಕೊಂಡರೂ ಸೀರೆಯನ್ನು ಹೊಸಿಲಾಚೆ ಬಿಸಿಲಿಗೆ ತಂದು ನೋಡದೆ ಕೊಳ್ಳುತ್ತಿರಲಿಲ್ಲ. ‘ಒಳಗಿನ ದೀಪ ಅವನ ಭಾವಮೈದ ಕಣೋ, ಅವನ ಕಡೇನೇ ಮಾತಾಡ್ತದೆ’ ಎನ್ನುತ್ತಿದ್ದಳು. ನಾನು ಸೀರೆಯ ಬದಲು ಅಂಗೈ ಹಿಡಿದೆ, ಅಷ್ಟೇ. ರಕ್ತ ಓಡುವ ಕೈ ಕೆಂಪಗೆ ಕಂಡರೆ ಒಳ್ಳೇ ದೀಪ. ಬೂದಿ ಬಳಿದಂತೆ ಕಂಡರೆ ಅದು ಕೆಂಪನ್ನು ನುಂಗುವ ದೀಪ.

ನಾಲ್ಕು ಅಂಗೈಗಳೂ ಬೂದಿ ಬಣ್ಣಕ್ಕಿದ್ದವು.

“ಅಯ್ಯೋ, ಹೆಣದ ಕೈ ಇದ್ದಂಗಿದೆ!” ಎಂದರು ಮೇಡಂ.

“ಇದು ಬಚ್ಚಲಿಗೆ ಹಾಕೋ ಬಲ್ಬು ಮೇಡಂ. ಇದರ ಕೆಳಗೆ ಚಿತ್ರ ಇಟ್ರೆ ಚಿತ್ರಕ್ಕೆ ಅವಮಾನ.”

ಸಾಬ್ರು ನಕ್ಕರು. “ನಮ್ಮನೇಲಿ ಇದೇ ಇರೋದು ಅಣ್ಣಾ.”

“ಮನೆಗೆ ನಡೀತದೆ ಬಿಡಿ ಸಾಬ್ರೇ,” ಎಂದು ಬಲ್ಬು ಆರಿಸಿದೆ.

ಮೊದಲನೇ ದೀಪ ಹಳದಿ. ಆರ್ಕಿಟೆಕ್ಟ್ ಮೂಗು ಮುರಿದ: “ಬಿರಿಯಾನಿ ಹೋಟೆಲ್ ಥರ ಇದೆ.” ಎರಡನೆಯದು ಬಿಳಿ. “ಇದು ನರ್ಸಿಂಗ್ ಹೋಮು.” ಮೂರನೆಯದನ್ನು ಹಾಕಿದೆ. ಗೋಡೆಗೆ ಒರಗಿಸಿದ್ದ ತಗಡಿನ ಬೋರ್ಡಿನಲ್ಲಿ ಹಸಿರು ಹಸಿರಾಯಿತು, ನೀಲಿ ನೀಲಿಯಾಯಿತು, ತುಕ್ಕು ಕೂಡ ಚೆಂದ ಕಂಡಿತು. ನಾಲ್ಕು ಅಂಗೈಗಳೂ ಜೀವಂತವಾದವು.

“ಇದೇ,” ಎಂದರು ಮೇಡಂ.

ನಾನು ಸುಮ್ಮನಿರಬೇಕಿತ್ತು. ಉಬ್ಬಿಹೋಗಿದ್ದೆ. ಈ ದೀಪದಲ್ಲಿ ಶಾಖ ಕಮ್ಮಿ, ಬಣ್ಣ ಬೇಗ ಮಾಸಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಇದು ಸುಳ್ಳು ಹೇಳಲ್ಲ ಮೇಡಂ, ಇದರ ಮುಂದೆ ಏನಿಟ್ಟರೂ ಇದ್ದದ್ದು ಇದ್ದಂಗೆ, ಎಂದು ಏಣಿಯ ಮೇಲೆ ನಿಂತು ಭಾಷಣವನ್ನೇ ಮಾಡಿದೆ.

“ಹಂಗಾದ್ರೆ ಸಾಬ್ರೇ, ತೆಗೀರಿ ನಿಮ್ಮ ಚಿತ್ರಾನ,” ಎಂದರು ಮೇಡಂ.

ಸಾಬ್ರು ಬೆಡ್‌ಶೀಟನ್ನು ನಿಧಾನಕ್ಕೆ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟು, ಚಿತ್ರವನ್ನು ಎದುರು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದರು. ಆ ಹೆಂಗಸನ್ನು ನಾನು ಬಲ್ಲೆ. ಬೋರ್ಡ್ ಬರೆಯುವ ಕಡೆಗೆಲ್ಲ ಗಂಡನಿಗೆ ಬುತ್ತಿ ತರುತ್ತಿದ್ದ ಗೋಧಿ ಬಣ್ಣದ ಸಣ್ಣ ಮುಖ. ಗೋಡೆಯಲ್ಲಿದ್ದದ್ದು ಕೆಂಡದಂತಹ ಮುಖ. ಎರಡೂ ಕೆನ್ನೆಗೆ ಯಾರೋ ಬಾರಿಸಿದಂತೆ ಕೆಂಪು. ಮೂಗಿನ ತುದಿ ಕೆಂಪು, ಕಿವಿ ಕೆಂಪು.

ಮೊದಲು ನಕ್ಕಿದ್ದು ಆರ್ಕಿಟೆಕ್ಟ್. “ಏನ್ ಸಾಬ್ರೇ, ಆಂಟಿ ಕೆನ್ನೆಗೆ ಸರಿಯಾಗಿ ಎರಡು ಬಿಟ್ಟಿದ್ರಾ?”

“ಛೀ, ಹಂಗೆಲ್ಲಾ ಅನ್ಬಾರ್ದು ಕಣೋ,” ಎಂದ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. “ಆದ್ರೂ ಸಾಬ್ರೇ, ಟೊಮೇಟೊ ರೇಟು ಇಳಿದಾಗ ಬರೆದ್ರೋ ಹೆಂಗೆ?”

ಸಾಬ್ರು ಚಿತ್ರವನ್ನೇ ನೋಡುತ್ತಿದ್ದರು. ಹತ್ತಿರ ಹೋದರು, ಹಿಂದೆ ಬಂದರು. “ಮನೇಲಿ ಹಿಂಗಿರ್ಲಿಲ್ಲ ಮೇಡಂ. ಇದು ದೀಪದ್ದು.”

“ದೀಪದ್ದಾ? ಇವರನ್ನೇ ಕೇಳೋಣ.” ಆರ್ಕಿಟೆಕ್ಟ್ ನನ್ನ ಕಡೆ ತಿರುಗಿದ. “ದೀಪ ಸುಳ್ಳು ಹೇಳ್ತಿದೆಯಾ ಸಾರ್?”

ಆಗ ನನಗೆ ನೆನಪಾಯಿತು. ಜೀವಮಾನವೆಲ್ಲ ಸಾಬ್ರು ಬರೆದದ್ದು ಬೀದಿಯಲ್ಲಿ, ಏಣಿಯ ಮೇಲೆ, ನೆತ್ತಿ ಸುಡುವ ಬಿಸಿಲಿನಲ್ಲಿ. ದೀಪದ ಕೆಳಗೆ ಕುಂಚ ಹಿಡಿದವರೇ ಅಲ್ಲ. ಮಂಡಿನೋವಿಗೆ ಏಣಿ ಹತ್ತಲಾಗದೆ ಮನೆ ಸೇರಿದ ಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದು, ‘ಅಣ್ಣಾ, ಒಳಗೆ ಕೂತು ಪೇಂಟ್ ಮಾಡೋದಕ್ಕೆ ಒಂದು ಬಲ್ಬ್ ಕೊಡಿ. ಯಾವುದು ಒಳ್ಳೇದು?’ ಎಂದು ಕೇಳಿದ್ದರು. ಅಂಗಡಿ ತುಂಬ ಜನ ಇದ್ದರು. ‘ಎಲ್ಲಾ ಬೆಳಕೂ ಒಂದೇ ಸಾಬ್ರೇ’ ಎಂದು ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದೆ. ಸಿಕ್ಕಿದ್ದು ಇದೇ ಒಂಬತ್ತು ವ್ಯಾಟಿನದು. ಅದು ಕೆಂಪನ್ನು ನುಂಗುತ್ತಾ ಹೋಗಿದೆ, ಇವರು ಹೆಂಡತಿಯ ಕೆನ್ನೆಗೆ ಜೀವ ಬರಲಿ ಎಂದು ಕೆಂಪು ಹಚ್ಚುತ್ತಾ ಹೋಗಿದ್ದಾರೆ.

ಇಷ್ಟನ್ನು ಹೇಳಿದ್ದರೆ ಮುಗಿಯುತ್ತಿತ್ತು. ತಪ್ಪು ಅವರ ಕೈಯದಲ್ಲ, ನನ್ನ ಬಲ್ಬಿನದು ಎನ್ನಬಹುದಿತ್ತು.

“ದೀಪ ಸರಿಯಾಗಿದೆ,” ಎಂದೆ.

ಸಾಬ್ರು ತಲೆಯೆತ್ತಿ ನನ್ನನ್ನು ನೋಡಿದರು. “ಅಣ್ಣಾ, ಆ ಮೊದಲನೇ ಬಲ್ಬ್ ಇದೆಯಲ್ಲ, ಬಚ್ಚಲಿಂದು. ಅದನ್ನ ಒಂದು ಸಲ ಹಾಕಿ.”

ಬೇರೆಲ್ಲ ಆರಿಸಿ ಅದನ್ನು ಹಾಕಿದೆ. ಮುಖದ ಬೆಂಕಿ ಇಳಿದುಹೋಯಿತು. ಗೋಧಿ ಬಣ್ಣದ ಕೆನ್ನೆ, ಎಲೆಯಡಿಕೆ ಹಾಕಿದ ತುಟಿ, ಬುತ್ತಿ ಕೊಟ್ಟು ‘ಬೇಗ ತಿನ್ನಿ, ಆರಿಹೋಗ್ತದೆ’ ಎನ್ನಲು ಬಾಯಿ ತೆರೆಯುವಂತಿದ್ದ ಮುಖ. ಅವರೇ.

“ನೋಡಿ ಮೇಡಂ,” ಎಂದರು ಸಾಬ್ರು. “ಇದು ನಮ್ಮನೆಯೋಳು.”

ಮೇಡಂ ಚಿತ್ರವನ್ನು ನೋಡಿದರು, ಬಲ್ಬನ್ನು ನೋಡಿದರು. “ಬಚ್ಚಲ ಬಲ್ಬಲ್ಲಿ ಚೆನ್ನಾಗಿ ಕಾಣೋ ಚಿತ್ರಾನ ಬಚ್ಚಲಲ್ಲೇ ಹಾಕ್ಕೋಬೇಕಾಗ್ತದೆ ಸಾಬ್ರೇ.”

ಆರ್ಕಿಟೆಕ್ಟ್ ಗೊಳ್ಳೆಂದ. ನಾನೂ ನಕ್ಕೆ. ಇದನ್ನು ಬರೆಯುವಾಗ ಆ ನಗುವನ್ನು ಬಿಟ್ಟುಬಿಡೋಣ ಅನ್ನಿಸಿತ್ತು, ಆದರೆ ನಕ್ಕಿದ್ದೆ. ಆ ಒಂದು ಗೋಡೆಗೆ ಮಾತ್ರ ಈ ಬಲ್ಬು ಇರಲಿ ಮೇಡಂ, ಎರಡು ನಿಮಿಷದ ಕೆಲಸ, ಎಂದು ಹೇಳಲು ಬಾಯಿಗೆ ಏನಾಗಿತ್ತೋ. ಏಣಿಯ ಮೇಲೆ ನಿಂತು ಬೈದ ಬಲ್ಬನ್ನು ಅದೇ ಏಣಿಯ ಮೇಲೆ ನಿಂತು ಹೊಗಳುವುದು ಹೇಗೆ?

ಸಾಬ್ರು ಬೆಡ್‌ಶೀಟ್ ಬಿಡಿಸಿ ಚಿತ್ರವನ್ನು ಮೊದಲಿನಂತೆಯೇ ಸುತ್ತಿದರು. ತುದಿಗೆ ಗಂಟು ಹಾಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. “ನೀವು ತಗಡುಗಳನ್ನ ಹಾಕ್ಕೊಳ್ಳಿ ಮೇಡಂ,” ಎಂದು ಹೇಳಿ ಹೊರಟರು.

ಪ್ರದರ್ಶನಕ್ಕೆ ಜನ ಚೆನ್ನಾಗಿಯೇ ಬಂದರು. ಎದುರಿನ ಗೋಡೆಯಲ್ಲಿ ನನ್ನ ಅಂಗಡಿಯ ಹಳೇ ಬೋರ್ಡು ಇತ್ತು. ಮೇಡಂ ಕೇಳಿದ್ದರು, ಕೊಟ್ಟಿದ್ದೆ. ಅದರ ಮುಂದೆ ನಿಂತು ಜನ ಫೋಟೊ ತೆಗೆಸಿಕೊಂಡರು. ಸಾಬ್ರು ಬರಲಿಲ್ಲ.

ಒಂದು ದಿನ ಆ ಮೂರನೇ ದೀಪದಂಥದ್ದೇ ಇನ್ನೊಂದನ್ನು ಡಬ್ಬದ ಸಮೇತ ಎತ್ತಿಕೊಂಡು ಅವರ ಮನೆಗೆ ಹೋದೆ. “ಇದು ನನ್ನ ಕಡೆಯಿಂದ ಸಾಬ್ರೇ. ಇದರ ಕೆಳಗೆ ಕೂತು ಇನ್ನೊಂದು ಸಲ ಬರೀರಿ, ಸರಿಹೋಗ್ತದೆ,” ಎಂದೆ. ಅದು ಕೂಡ ಎಂಥಾ ಮಾತು ಎಂದು ಹೊಳೆದದ್ದು ಮೆಟ್ಟಿಲಿಳಿದ ಮೇಲೆ. ಅವರು ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ಒಳ್ಳೇ ದೀಪ ಅಣ್ಣಾ. ಖಂಡಿತ ಹಾಕಿಸ್ತೀನಿ,” ಎಂದರು.

ರಂಜಾನ್ ಹಬ್ಬಕ್ಕೆ ಎಂದಿನಂತೆ ಅವರ ಮನೆಯಿಂದ ಕರೆ ಬಂತು. ಹೋದೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಚಿತ್ರ ತೂಗುಹಾಕಿತ್ತು. ಮೇಲೆ ಹಳೇ ಒಂಬತ್ತು ವ್ಯಾಟಿನ ಬಲ್ಬು ಉರಿಯುತ್ತಿತ್ತು. ಒಂದು ಗೆರೆಯನ್ನೂ ಅವರು ತಿದ್ದಿರಲಿಲ್ಲ. ಮಗಳು ಬಟ್ಟಲಿನಲ್ಲಿ ಶೀರ್ ಖುರ್ಮಾ ತಂದಳು.

“ಮೊದಲು ಕೈ ತೊಳ್ಕೊಂಡು ಬನ್ನಿ ಅಣ್ಣಾ,” ಎಂದು ಸಾಬ್ರು ಬಚ್ಚಲ ಕಡೆ ತೋರಿಸಿದರು.

ಬಾಗಿಲು ತಳ್ಳಿ ಸ್ವಿಚ್ ಹಾಕಿದೆ. ನಾನು ಕೊಟ್ಟ ದೀಪ ಬಚ್ಚಲ ಗೋಡೆಯಲ್ಲಿತ್ತು. ಬಕೆಟ್ಟಿನ ನೀಲಿ, ಸೋಪಿನ ಹಸಿರು ಎಲ್ಲ ಇದ್ದದ್ದು ಇದ್ದಂತೆ ಕಾಣುತ್ತಿದ್ದವು. ನಲ್ಲಿಯ ಕೆಳಗೆ ಕೈಯೊಡ್ಡಿದೆ. ಅಂಗೈ ಕೆಂಪಗಿತ್ತು. ತೊಳೆದುಕೊಂಡು ಬಂದು ಕೂತು ಶೀರ್ ಖುರ್ಮಾ ಕುಡಿದೆ.