ಎಡದ ಕೋಣೆಯ ಹೊರೆ

ಕೊಪ್ಪದ ಆ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಅವತ್ತು ಐದು ಜನ ಇದ್ದೆವು. ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದ ಭಾವ, ಅವರ ಕಾಲ ಬುಡದಲ್ಲಿ ನಿಂತ ನನ್ನ ಅಕ್ಕ, ಶೃಂಗೇರಿಯ ಬಟ್ಟೆ ಅಂಗಡಿಗೆ ರಜೆ ಹೇಳಿ ಬಂದಿದ್ದ ನಾನು, ತಿಂಗಳಿಗೊಮ್ಮೆ ಊರಿಗೆ ಬರುವ ಹೃದಯದ ಡಾಕ್ಟರು, ಬಾಗಿಲ ಹತ್ತಿರ ಒಬ್ಬ ನರ್ಸಮ್ಮ. ಅಕ್ಕನ ಕೈಯಲ್ಲಿ ಭಾವನ ಚಪ್ಪಲಿ ಇತ್ತು. ಪಾದ ಊದಿ ಅದು ಹತ್ತುತ್ತಿರಲಿಲ್ಲ. ಜಯಪುರದಿಂದ ಬಸ್ಸಿನಲ್ಲಿ ಬರಿಗಾಲಲ್ಲೇ ಬಂದಿದ್ದರು.

ಡಾಕ್ಟರು ಎದೆಗೆ ತಣ್ಣನೆಯ ಜೆಲ್ ಹಚ್ಚಿ ಮಿಷನ್ನಿನ ಕಡ್ಡಿಯನ್ನು ಪಕ್ಕೆಲುಬಿನ ಸಂದಿನಲ್ಲಿ ಆಡಿಸಿದರು. ಪರದೆಯಲ್ಲಿ ಬೂದು ಬಣ್ಣದ ಚೀಲದಂಥದ್ದು ಕಂಡಿತು. ಅದು ಹಿಂಡಿಕೊಳ್ಳುತ್ತಿರಲಿಲ್ಲ, ಅದುರಿ ಅದುರಿ ಸುಮ್ಮನಾಗುತ್ತಿತ್ತು.

"ಇದು ಎಡಗಡೆ ಕೆಳಗಿನ ಕೋಣೆ. ಮೈಗೆಲ್ಲ ರಕ್ತ ತಳ್ಳೋದು ಇದೇ. ಒಳಗೆ ಬಂದ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಹೊರಗೆ ಹಾಕಬೇಕು. ನಿಮ್ಮದು ಕಾಲು ಭಾಗ ಹಾಕ್ತಾ ಇದೆ," ಎಂದರು ಡಾಕ್ಟರು.

"ಉಳಿದ ಮುಕ್ಕಾಲು ಅಲ್ಲೇ ಕೂತಿರ್ತದಾ ಮಾರ್ರೆ?" ಎಂದರು ಭಾವ.

"ಹಿಂದೆ ಹಿಂದೆ ನಿಲ್ಲುತ್ತೆ. ಪುಪ್ಪುಸಕ್ಕೆ ನೀರು ಬರುತ್ತೆ, ಕಾಲಿಗೆ ಇಳಿಯುತ್ತೆ. ಮಲಗಿದರೆ ಉಸಿರು ಕಟ್ಟೋದು ಅದಕ್ಕೇ."

ಪುಸ್ತಕದ ಕನ್ನಡದಲ್ಲಿ ಅದಕ್ಕೆ ಎಡ ಹೃತ್ಕುಕ್ಷಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಂದಿನಿಂದ ಅದು 'ಎಡದ ಕೋಣೆ' ಎಂದೇ ಆಯಿತು. ಬಾಡಿಗೆಗೆ ಕೊಟ್ಟು ಕೆಟ್ಟ ಕೋಣೆಯ ಸುದ್ದಿ ಹೇಳುವಂತೆ ಭಾವ ಎಲ್ಲರ ಹತ್ತಿರ ಅದರ ಸುದ್ದಿ ಹೇಳುತ್ತಿದ್ದರು.

ಭಾವ ಜಯಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳಾಗಿದ್ದವರು. ಅಕ್ಕನೂ ಅಲ್ಲೇ ಹಣ್ಣು ಕುಯ್ಯುತ್ತಿದ್ದಳು. ಸಂಜೆ ಅವರವರು ಕುಯ್ದ ಹಣ್ಣಿನ ಚೀಲವನ್ನು ಅವರವರೇ ಏರು ಹತ್ತಿಸಿ ಕಣಕ್ಕೆ ಒಯ್ಯಬೇಕು. ಭಾವ ತಮ್ಮ ಚೀಲ ಇಳಿಸಿದ ಮೇಲೆ ಮತ್ತೆ ಕೆಳಗೆ ಹೋಗಿ ವಯಸ್ಸಾದ ಹೆಂಗಸರ ಚೀಲಗಳನ್ನೂ ಹೊತ್ತು ತರುತ್ತಿದ್ದರು. ಯಾರೂ ಹೇಳಿದ್ದಲ್ಲ, ನಡೆದುಕೊಂಡು ಬಂದಿತ್ತು. ಆಮೇಲಾಮೇಲೆ ಏರಿನ ನಡುವೆ ಚೀಲ ಇಳಿಸಿ ತಲೆಯ ಮುಂಡಾಸು ಬಿಚ್ಚಿ ಕಟ್ಟತೊಡಗಿದರಂತೆ.

"ಎಷ್ಟು ಸಲ ಕಟ್ತೀಯ ಮಾರಾಯ, ದಿಬ್ಬಣ ಹೊರಡ್ಬೇಕಾ?" ಎಂದು ಒಬ್ಬಳು ಮುದುಕಿ ತಮಾಷೆ ಮಾಡಿದ್ದಳಂತೆ.

"ಹೌದು, ನೀನೇ ಮದುಮಗಳು. ಚೀಲದ ಒಳಗೆ ಕೂತ್ಕೊ, ಹೊತ್ಕೊಂಡು ಹೋಗ್ತೀನಿ," ಎಂದಿದ್ದರಂತೆ ಇವರು. ನಕ್ಕವರಿಗೆ ಅದು ಉಸಿರು ಹಿಡಿಯುವ ಉಪಾಯ ಎಂದು ಗೊತ್ತಾಗಲಿಲ್ಲ. ಅಕ್ಕನಿಗೂ ಗೊತ್ತಾಗಲಿಲ್ಲ.

ಬಿ.ಪಿ. ಇದೆಯೆಂದು ಹಿಂದೆಯೇ ಯಾರೋ ನೋಡಿ ಹೇಳಿದ್ದರು. ತಲೆನೋವು ಹೋಗುವ ತನಕ ಮಾತ್ರೆ ನುಂಗಿ ಭಾವ ಬಿಟ್ಟರು. ಒತ್ತಡಕ್ಕೆ ಎದುರಾಗಿ ತಳ್ಳಿ ತಳ್ಳಿ ಆ ಕೋಣೆಯ ಗೋಡೆ ಮೊದಲು ದಪ್ಪವಾಯಿತು, ಹೊರೆ ಹೊರುವವನ ರಟ್ಟೆಯ ಹಾಗೆ. ಎಷ್ಟೋ ವರ್ಷ ಹಾಗೆಯೇ ತಡೆದುಕೊಂಡಿತು. ಕಡೆಗೆ ಸೋತು ಹಿಗ್ಗಿ ಸಡಿಲವಾಯಿತು. ಸಡಿಲವಾದದ್ದು ಪೂರಾ ಬಿಗಿಯಾಗುವುದು ಕಷ್ಟ, ಆದರೆ ಹೊರೆ ಇಳಿಸಿದರೆ ಮನುಷ್ಯ ಓಡಾಡಿಕೊಂಡು ಇರಬಹುದು ಎಂದರು ಡಾಕ್ಟರು. ಮಾತ್ರೆ ಬರೆದರು. ಉಪ್ಪು ತೀರ ಕಡಿಮೆ ಮಾಡಿ, ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಡ ಎಂದರು.

ಅಕ್ಕ ಆ ಮಾತನ್ನು ದೇವರ ಅಪ್ಪಣೆಯಂತೆ ಹಿಡಿದಳು. ಬೆಳಗ್ಗೆ ಒಂದು ಬಾಟ್ಲಿಗೆ ನೀರು ತುಂಬಿ ಗೂಡಿನಲ್ಲಿಟ್ಟರೆ ಕತ್ತಲಾಗುವವರೆಗೆ ಅದೇ. ಜಗಲಿಯ ಕೊಡ ಒಳಗೆ ಹೋಯಿತು. ಭಾವನ ಕಣ್ಣೆದುರು ನೀರು ಕುಡಿಯಲಾರದೆ ತಾನು ಹಿತ್ತಲಿಗೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದಳು.

ನಾನು ಹೋದಾಗೊಮ್ಮೆ ಭಾವ ಗೋಗರೆಯುತ್ತಿದ್ದರು. "ಒಂದು ಗುಟುಕು ಕೊಡೇ ಮಾರಾಯ್ತಿ. ನಾಲಿಗೆ ಅಂಟ್ತಾ ಉಂಟು."

"ಬಾಟ್ಲಿಯಲ್ಲಿ ಇನ್ನೂ ಇದೆ. ಸಂಜೆಗೆ ಬೇಕಲ್ಲ."

"ನೀನು ಬಾವಿಗೆ ಬೀಗ ಹಾಕಿಲ್ಲ, ಅದೊಂದು ಪುಣ್ಯ."

ಅಕ್ಕ ನಗಲಿಲ್ಲ. ಒಳಗೆ ಬಂದು ಒಲೆಯ ಮುಂದೆ ಕೂತಳು. "ನೀರಂತೂ ಕೊಡೋ ಹಾಗಿಲ್ಲ ಕಣೋ. ಗಂಜಿನಾದ್ರೂ ಹೊಟ್ಟೆ ತುಂಬ ಉಣ್ಲಿ," ಎಂದು ನನಗೆ ಮೆಲ್ಲಗೆ ಹೇಳಿ, ಕಂಚಿನ ಬಟ್ಟಲಿಗೆ ಮತ್ತೊಂದು ಸೌಟು ತಿಳಿ ಬಗ್ಗಿಸಿದಳು.

ನಮ್ಮ ಕಡೆ ಕೂಲಿಗೆ ಹೋಗುವ ಮನೆಗಳಲ್ಲಿ ಬೆಳಗ್ಗೆಯೂ ಗಂಜಿ, ರಾತ್ರಿಯೂ ಗಂಜಿ. ಅದು ಊಟ. ಅದನ್ನು ನೀರಿನ ಜೊತೆ ಸೇರಿಸಿ ಅಳೆಯಬೇಕೆಂದು ಯಾರ ತಲೆಗೂ ಹೊಳೆಯುವುದಿಲ್ಲ. ಮಧ್ಯಾಹ್ನದ ನೀರುಮಜ್ಜಿಗೆ, ನಡುನಡುವೆ ಬೆಲ್ಲದ ಕಾಫಿ, ಕಾಲಿನ ಊತಕ್ಕೆಂದು ಯಾರೋ ಹೇಳಿದ ಕೊತ್ತಂಬರಿ ಕಷಾಯ, ಯಾವುದೂ ನೀರಲ್ಲ. ಮಾತ್ರೆ ನುಂಗುವುದಕ್ಕೂ ಅಕ್ಕ ಬಾಟ್ಲಿಯ ನೀರು ಖರ್ಚು ಮಾಡದೆ ಗಂಜಿಯ ತಿಳಿಯನ್ನೇ ಕೊಡುತ್ತಿದ್ದಳು. ಊತ ಮೊಣಕಾಲು ದಾಟಿತು. ಭಾವ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದರು.

ಮರುತಿಂಗಳು ಡಾಕ್ಟರು ಕಾಲಿನ ಮೇಲೆ ಬೆರಳೊತ್ತಿದರು. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ನಿಂತಿತು. "ನೀರು ಎಷ್ಟು ಕುಡೀತಿದ್ದಾರೆ?"

"ಒಂದು ಲೀಟರ್. ಅದರ ಮೇಲೆ ಒಂದು ಹನಿ ಕೊಟ್ಟಿಲ್ಲ ಸರ್," ಎಂದಳು ಅಕ್ಕ. ಅವಳ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು.

"ಬೆಳಗ್ಗೆ ಎಂತ ಊಟ?" ಎಂದು ಕೇಳಿದ್ದು ನರ್ಸಮ್ಮ.

"ಗಂಜಿ."

"ಎಷ್ಟು?"

ಅಕ್ಕ ಎರಡು ಕೈಯಲ್ಲೂ ಬಟ್ಟಲಿನ ಅಗಲ ತೋರಿಸಿದಳು. ತೋರಿಸುತ್ತಿದ್ದ ಹಾಗೆಯೇ ಡಾಕ್ಟರ ಮುಖ ನೋಡಿದಳು. ಕೈ ಹಾಗೇ ನಿಂತಿತು.

"ಅದೂ ನೀರೇ ಅಮ್ಮ," ಎಂದರು ಡಾಕ್ಟರು. ಬೈಯಲಿಲ್ಲ. "ಸಾರು, ಮಜ್ಜಿಗೆ, ಕಾಫಿ, ಎಲ್ಲ ಸೇರಿ ಒಂದು ಲೀಟರ್. ನಾವೇ ಬಿಡಿಸಿ ಹೇಳಬೇಕಿತ್ತು."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತಾಗ ಅಕ್ಕನಿಗೆ ಅಳು ತಡೆಯಲಿಲ್ಲ. "ಬಾಯಾರಿದವನಿಗೆ ನೀರು ಕೊಡಲಿಲ್ಲ. ಬದುಕಲಿ ಅಂತ ಕೊಡಲಿಲ್ಲ. ಇನ್ನೊಂದು ಕೈಯಲ್ಲಿ ನಾನೇ ಹೊಯ್ದೆ," ಎಂದಳು.

ಭಾವ ಅವಳ ಕಡೆ ನೋಡದೆ ನಿಧಾನ ಹೇಳಿದರು. "ನಂಗಾದ್ರೂ ಗೊತ್ತಿತ್ತಾ? ಉಂಡವನು ನಾನೇ ಅಲ್ವಾ. ಸುಮ್ನಿರು, ಜನ ನೋಡ್ತಾರೆ."

ಡಾಕ್ಟರು ಹೇಳಿದ ಹಾಗೆ ನಡೆದುಕೊಂಡ ಮೇಲೆ ಊತ ಇಳಿಯಿತು. ಗಟ್ಟಿ ಅನ್ನಕ್ಕೆ ಒಂದು ಚೂರು ಪಲ್ಯ ಕಲಸಿ ಉಣ್ಣುವಾಗ ಗಂಟಲಲ್ಲಿ ಇಳಿಯದೆ ಭಾವನ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಬೇಸಗೆಯ ಹೊತ್ತಿಗೆ ರಸ್ತೆಯ ತನಕ ನಡೆದು ಬರುತ್ತಿದ್ದರು. ಏರು ಮಾತ್ರ ಆಗುತ್ತಿರಲಿಲ್ಲ. ಕುಳಿತಾಗ ಸಾಕಾಗುವ ಎಡದ ಕೋಣೆ ಏರು ಕಂಡ ಕೂಡಲೇ ಸಾಲದೆ ಹೋಗುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಬೇಗ ಇಟ್ಟರೂ ತುಟಿ ನೀಲಿಗಟ್ಟುತ್ತಿತ್ತು. ಮುಂದಿನ ಕುಯ್ಲಿಗೆ ಕಣದಲ್ಲಿ ಕೂತು ಹಣ್ಣು ಆರಿಸುವ ಕೆಲಸವಾದರೂ ಮಾಡುತ್ತೇನೆ ಎನ್ನುತ್ತಿದ್ದರು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಆಗಲಿ ಬಾ ಎಂದಿದ್ದರು.

ಕುಯ್ಲು ಶುರುವಾಗುವುದರೊಳಗೆ, ಬೆಳಗಿನ ಹೊತ್ತು ಜಗಲಿಯಲ್ಲಿ ಒರಗಿ ಕೂತಲ್ಲೇ ಭಾವ ಹೋದರು. ಅಕ್ಕ ಕೊಟ್ಟಿಗೆಯಿಂದ ಬಂದು ಎರಡು ಸಲ ಮಾತಾಡಿಸಿದ ಮೇಲೆ ಗೊತ್ತಾಯಿತು. ಗಂಜಿಯಿಂದ ಆದದ್ದಲ್ಲ, ಹೃದಯ ಅದಕ್ಕೂ ಮೊದಲೇ ಸೋತಿತ್ತು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅಕ್ಕ ಹ್ಞೂಂ ಎಂದಳು. ನಂಬಿದಳೆಂದು ನನಗೆ ಅನ್ನಿಸಲಿಲ್ಲ.

ಕಾರ್ಯವೆಲ್ಲ ಕಳೆದ ಮೇಲೆ, ಬಿಡಿಸದೆ ಉಳಿದ ಮಾತ್ರೆಯ ಪಟ್ಟಿಗಳು ಯಾರಿಗಾದರೂ ಆಗಲಿ ಎಂದು ಅಕ್ಕ ಕ್ಲಿನಿಕ್ಕಿಗೆ ಹೊರಟಳು. ಜೊತೆಗೆ ನಾನಿದ್ದೆ. ನರ್ಸಮ್ಮ ಅವನ್ನು ಒಳಗೆ ತೆಗೆದುಕೊಂಡು ಹೋದರು. ಹೊರಗಿನ ಬೆಂಚಿನಲ್ಲಿ ನರಸಿಂಹರಾಜಪುರದ ಕಡಹಿನಬೈಲಿನಿಂದ ಬಂದ ಗಂಡ ಹೆಂಡತಿ ಕೂತಿದ್ದರು. ಗಂಡನ ಪಾದ ಊದಿತ್ತು. ಅಕ್ಕ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಆ ಹೆಂಗಸಿನ ಪಕ್ಕ ಕೂತು, ಮನೆಯಲ್ಲಿ ಬೆಳಗ್ಗೆ ಎಂತ ಮಾಡ್ತೀರಿ ಎಂದು ಕೇಳಿದಳು. ಮಧ್ಯಾಹ್ನದ ಬಸ್ಸು ತಪ್ಪಿತು. ಸಂಜೆಯ ಬಸ್ಸಿಗೆ ನಾವು ಜಯಪುರಕ್ಕೆ ಬಂದೆವು.