ಒಬ್ಬರಿಗೆ ಒಂದೇ ಟೇಬಲ್

ಅವರ ಎಡಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಎಚ್ಚರ ತಪ್ಪಿದ ರೋಗಿಗಳ ದವಡೆ ಎತ್ತಿ ಹಿಡಿದು ಹಿಡಿದು ಕೊಕ್ಕೆಯಂತೆ ಬಾಗಿಯೇ ಹೋಗಿತ್ತು. ಕಲಬುರಗಿಯ ಶಹಾಬಜಾರದ ವೈಷ್ಣವ ಮನೆತನದವರು. ಮನೆಯಲ್ಲಿ ಮರಾಠಿ, ಆಸ್ಪತ್ರೆಯಲ್ಲಿ ಕನ್ನಡ, ಮೋಮಿನಪುರದ ಮುದುಕಿಯರ ಜೊತೆ ದಖನಿ ಉರ್ದು. ಅರಿವಳಿಕೆ ಕೊಡುವ ಮೊದಲು ಪ್ರತಿಯೊಬ್ಬರನ್ನೂ ಅವರವರ ಮಾತಿನಲ್ಲೇ ಊರು, ಮಕ್ಕಳು ಎಲ್ಲ ಕೇಳುತ್ತಿದ್ದರು. ನಾವು ಅವರನ್ನು ಡಾಕ್ಟರಬಾಯಿ ಅನ್ನುತ್ತಿದ್ದೆವು. ನನಗೆ ಈ ಕಸುಬು ಕಲಿಸಿದವರು ಅವರೇ.

ಎಂಬತ್ತರ ದಶಕದ ಕೊನೆಗೆ ಸರಕಾರಿ ಆಸ್ಪತ್ರೆಗಳ ಆಡಳಿತ ಬೆಂಗಳೂರಿನಿಂದ ಜಿಲ್ಲೆಯ ಕೈಗೆ ಬಂತು. ನಮ್ಮ ರಜೆ, ವರ್ಗಾವಣೆ, ಶಿಬಿರ ಎಲ್ಲವನ್ನೂ ಕಲಬುರಗಿಯಲ್ಲೇ ಒಂದು ಸಮಿತಿ ಕೂತು ನಿರ್ಧರಿಸತೊಡಗಿತು. ಅವರ ಲೆಕ್ಕದಲ್ಲಿ ಆಪರೇಷನ್ ಅಂದರೆ ಸರ್ಜನ್. ನಾವು ಸೂಜಿ ಚುಚ್ಚುವವರು. ಇಡೀ ಜಿಲ್ಲೆಗೆ ನಾವಿದ್ದದ್ದೇ ಆರು ಜನ. ಆ ಆರು ಜನರ ಸಂಘ ಕಟ್ಟಿ ಡಾಕ್ಟರಬಾಯಿ ಕಾರ್ಯದರ್ಶಿಯಾದರು. ಅವರು ಕೇಳಿದ್ದು ಇಷ್ಟೇ: ಒಬ್ಬ ಅರಿವಳಿಕೆ ವೈದ್ಯರಿಗೆ ಒಂದು ಹೊತ್ತಿಗೆ ಒಂದೇ ಆಪರೇಷನ್ ಟೇಬಲ್. ನಿದ್ದೆ ಮಾಡಿಸುವವರಿಗೂ ಸಂಘ ಬೇಕೇ ಎಂದು ಸಮಿತಿಯ ಸದಸ್ಯರೊಬ್ಬರು ನಕ್ಕರು.

"ನಿದ್ದಿ ಮಾಡಸೂದು ಅಲ್ರೀ ಸಾಹೇಬ್ರ, ಎಬ್ಬಸೂದು ನಮ್ಮ ಕೆಲಸ," ಅಂದರು ಡಾಕ್ಟರಬಾಯಿ.

ಅರ್ಜಿಯ ಮೇಲೆ ಅರ್ಜಿ ಹೋದವು, ಉತ್ತರ ಬರಲಿಲ್ಲ. ಕೊನೆಗೆ ಡಾಕ್ಟರಬಾಯಿ ನಮ್ಮಿಂದಲೇ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು: ಯಾರೇ ಹೇಳಿದರೂ ಎರಡು ಟೇಬಲ್ ನೋಡುವುದಿಲ್ಲ ಎಂದು. ನಾನು ದೊಡ್ಡ ಶೂರನ ಹಾಗೆ ದಪ್ಪ ಅಕ್ಷರದಲ್ಲಿ ಸಹಿ ಹಾಕಿದೆ.

ಎರಡು ತಿಂಗಳಿಗೆ ಕಮಲಾಪುರದಲ್ಲೊಂದು ಆಪರೇಷನ್ ಶಿಬಿರ. ಛತ್ರದ ಹಾಲಿನಲ್ಲಿ ಎರಡು ಟೇಬಲ್, ಅರಿವಳಿಕೆಗೆ ನಾನೊಬ್ಬನೇ. ಸಮಿತಿಯ ಅಧ್ಯಕ್ಷರು ಬರುವಷ್ಟರಲ್ಲಿ ಪಟ್ಟಿ ಮುಗಿಯಬೇಕೆಂದು ಸರ್ಜನ್ ಗಡಿಬಿಡಿ ಮಾಡಿದರು. ನನ್ನ ವರ್ಗಾವಣೆಯ ಕಾಗದ ಅದೇ ಅಧ್ಯಕ್ಷರ ಮುಂದಿತ್ತು. ಕಲಬುರಗಿ ಬಿಡಲು ನನಗೆ ಮನಸ್ಸಿರಲಿಲ್ಲ. ಎರಡೂ ಟೇಬಲ್ ನೋಡಲು ಹೂಂ ಅಂದೆ. ಮೊದಲ ಟೇಬಲ್ಲಿನ ಹೆಂಗಸಿನ ದವಡೆ ಬಿಟ್ಟು ಎರಡನೆಯದಕ್ಕೆ ಹೋದೆ. ಆಕೆಯ ನಾಲಿಗೆ ಹಿಂದೆ ಜಾರಿ ಉಸಿರು ಕಟ್ಟಿತು. ನಾನು ತಿರುಗಿ ನೋಡುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಆಕೆ ಏಳಲಿಲ್ಲ. ಎಚ್ಚರವಾದ ಮೇಲೆ ತಿನ್ನಲೆಂದು ಗಂಡ ತಂದಿದ್ದ ಕೆಂಪು ಬಾಳೆಹಣ್ಣು ಹೊರಗೆ ಬೆಂಚಿನ ಮೇಲೆ ಹಾಗೇ ಇತ್ತು.

ವಿಚಾರಣೆಯಲ್ಲಿ ಸರ್ಜನ್ ತಮಗೇನೂ ಗೊತ್ತಿಲ್ಲವೆಂದರು. ಸೂಜಿ ಚುಚ್ಚುವವನು ಸಮಿತಿಯ ಕಣ್ಣಿಗೆ ಒಮ್ಮೆಲೇ ದೊಡ್ಡ ಮನುಷ್ಯನಾಗಿಬಿಟ್ಟ; ತಪ್ಪೆಲ್ಲ ಅವನದೇ. ಡಾಕ್ಟರಬಾಯಿ ನನ್ನ ಪಕ್ಕದಲ್ಲಿ ನಿಂತರು. ಹಳೆಯ ಅರ್ಜಿಗಳನ್ನೆಲ್ಲ ಮೇಜಿನ ಮೇಲಿಟ್ಟು, ಒಬ್ಬನಿಗೆ ಎರಡು ಟೇಬಲ್ ಕೊಟ್ಟವರು ಯಾರೆಂದು ಕೇಳಿದರು. ನಾನು ಸಹಿ ಹಾಕಿದ ಹಾಳೆಯನ್ನು ಮಾತ್ರ ತಮ್ಮ ಚೀಲದಿಂದ ತೆಗೆಯಲೇ ಇಲ್ಲ. ನನ್ನ ನೌಕರಿ ಉಳಿಯಿತು. ಅವರು ಬೇಡಿದ ನಿಯಮವೂ ಆದೇಶವಾಗಿ ಬಂತು.

ಅಂದು ಮೆಟ್ಟಿಲಿಳಿಯುವಾಗ ಅವರು ನನ್ನ ಮುಖ ನೋಡದೆ ಹೇಳಿದರು: "ಸಂಘದಾಕಿ ಆಗಿ ನಿನ್ನ ಉಳಿಸೀನಿ. ಆ ಹೆಣ್ಮಗಳ ಪರವಾಗಿ ಒಳಗ ಯಾರೂ ನಿಂದ್ರಲಿಲ್ಲ, ನಾನೂ ನಿಂದ್ರಲಿಲ್ಲ. ಇನ್ನ ನನ್ನ ಕೂಡ ಮಾತಾಡಬ್ಯಾಡ."

ಅದೇ ವಾರ ಕಾರ್ಯದರ್ಶಿ ಸ್ಥಾನ ಬಿಟ್ಟರು. ಹದಿನೈದು ವರ್ಷ ನನ್ನೊಡನೆ ಮಾತಿಲ್ಲ. ಆಮೇಲೆ ಅವರಿಗೇ ಆಪರೇಷನ್ ಮಾಡಬೇಕಾಯಿತು. ಅಷ್ಟರಲ್ಲಿ ನಾನು ವಿಭಾಗದ ಮುಖ್ಯಸ್ಥ. ನಾಚಿಕೆಯಿಲ್ಲದೆ ಮಾಸ್ಕ್ ಹಿಡಿದು ತಲೆಯ ಬಳಿ ನಿಂತೆ. ಅವರು ಆ ಡೊಂಕು ಬೆರಳಿನಿಂದಲೇ ನನ್ನ ಹಿಂದೆ ನಿಂತಿದ್ದ, ಅರಿವಳಿಕೆ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯನ್ನು ಕರೆದರು.

"ಇವತ್ತ ನಿನಗ ಎಷ್ಟ ಟೇಬಲ್ ಅವ, ತಂಗಿ?"

"ಒಂದೇ ರೀ."

ಡಾಕ್ಟರಬಾಯಿ ಕಣ್ಣು ಮುಚ್ಚಿದರು. ನಾನು ಮಾಸ್ಕನ್ನು ಆ ಹುಡುಗಿಯ ಕೈಗೆ ಕೊಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಎದ್ದರು, ಎರಡು ವರ್ಷ ಬದುಕಿದರು, ತೀರಿಕೊಂಡರು. ಸಂತಾಪ ಸಭೆಯಲ್ಲಿ ಸಂಘದ ಪರವಾಗಿ ನಾನೇ ಮಾತಾಡಬೇಕಾಯಿತು. ಒಬ್ಬರಿಗೆ ಒಂದೇ ಟೇಬಲ್ ಎಂಬ ನಿಯಮ ತಂದವರು ಅವರು ಎಂದೆ. ಎಲ್ಲರೂ ತಲೆಯಾಡಿಸಿದರು. ಆ ನಿಯಮ ಯಾರ ಸಾವಿನಿಂದ ಬಂತು ಎಂದು ಮಾತ್ರ ನಾನು ಹೇಳಲಿಲ್ಲ. ಡಾಕ್ಟರಬಾಯಿ ಇದ್ದಿದ್ದರೆ ಎದ್ದು ಹೋಗುತ್ತಿದ್ದರು.